ಯೆಜ್ಡಿಯ ಕ್ರ್ಯಾಂಕ್ ಜರ್ಮನಿ ಸೇರಿದ ಬಗೆ

ಈ ಪ್ರಕರಣ ನಮ್ಮ ಮನೆಯದೇ. ಅಕ್ಕನ ಮಗ ಜರ್ಮನಿಯಲ್ಲಿದ್ದಾನೆ, ನಾನು ಮೈಸೂರಿನಲ್ಲಿದ್ದೇನೆ, ನಡುವೆ ಒಂದು ಹಳೆಯ ಯೆಜ್ಡಿ ಬೈಕು. ಅದಕ್ಕೆ ಬೇಕಾದ ನಾಲ್ಕಾರು ಸಾಮಾನು ಕಳಿಸಲು ನಮಗೆ ಏಳು ತಿಂಗಳು ಹಿಡಿಯಿತು. 2023ರ ನವೆಂಬರ್‌ನಲ್ಲಿ ಶುರುವಾದದ್ದು 2024ರ ಮೇ ಕೊನೆಗೆ ಮುಗಿಯಿತು. ಹೆಸರುಗಳನ್ನೂ ಅವನಿರುವ ಊರನ್ನೂ ಅಂಗಡಿ, ಕೊರಿಯರ್‌ಗಳ ಗುರುತನ್ನೂ ಬಿಟ್ಟಿದ್ದೇನೆ. ಹೊರದೇಶಕ್ಕೆ ಬೈಕಿನ ಸಾಮಾನು ಕಳಿಸುವವರು ಈಗ ಜಾಸ್ತಿ ಆಗಿದ್ದಾರೆ. ನಾವು ಎಲ್ಲಿ ಸರಿಯಾಗಿ ಯೋಚಿಸಿದೆವು, ಎಲ್ಲಿ ಎಡವಿದೆವು ಅನ್ನುವುದು ಅವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಬೈಕು ಮತ್ತು ಅದರ ಕಾಯಿಲೆ

ಬೈಕು ನಮ್ಮ ಭಾವನದು. 1986ರ ರೋಡ್‌ಕಿಂಗ್, 250 ಸಿಸಿ, ಟೂ ಸ್ಟ್ರೋಕ್, ಎರಡು ಸೈಲೆನ್ಸರ್. ಮೈಸೂರಿನ ಯಾದವಗಿರಿಯ ಜಾವಾ ಫ್ಯಾಕ್ಟರಿಯಲ್ಲೇ ತಯಾರಾದದ್ದು. ಗೇರ್ ಹಾಕುವ ಲಿವರನ್ನೇ ಹಿಂದಕ್ಕೆ ತಿರುಗಿಸಿ ಕಿಕ್ ಹೊಡೆಯುವ ಗಾಡಿ. ಭಾವ ತೀರಿಕೊಂಡ ಮೇಲೆ ಅದು ಶೆಡ್‌ನಲ್ಲಿ ನಿಂತಿತ್ತು. ಅಳಿಯ ಮನೆ ಸಾಮಾನನ್ನು ಹಡಗಿನಲ್ಲಿ ಸಾಗಿಸುವಾಗ ಅದನ್ನೂ ಜೊತೆಗೆ ಒಯ್ದ. ಜರ್ಮನಿಯಲ್ಲಿ 30 ವರ್ಷ ದಾಟಿದ ಗಾಡಿಗೆ ಹಳೆಯ ವಾಹನ ಅನ್ನುವ ಗುರುತಿನ ಬೇರೆ ನಂಬರ್ ಪ್ಲೇಟ್ ಸಿಗುತ್ತದೆ. ಅದನ್ನೂ ಮಾಡಿಸಿಕೊಂಡ. ಅಲ್ಲಿಯವರೆಗೆ ಎಲ್ಲ ಸಲೀಸಾಗಿ ನಡೆಯಿತು.

ಒಂದು ಬೇಸಿಗೆ ಓಡಿಸಿದ. ಆಮೇಲೆ ಎಂಜಿನ್ ಒಳಗಿಂದ ಕಟಕಟ ಸದ್ದು ಶುರುವಾಯಿತು. ಅವನು ವಿಡಿಯೋ ಕಳಿಸಿದ. ಇಲ್ಲಿನ ಮೇಸ್ತ್ರಿ ಮೊಬೈಲನ್ನು ಕಿವಿಗೆ ಹಿಡಿದು ಎರಡು ಸಲ ಕೇಳಿದರು. "ಕ್ರ್ಯಾಂಕ್ ಹೋಗಿದೆ ಸ್ವಾಮಿ. ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗು. ಇನ್ನು ಓಡಿಸಬೇಡ ಅನ್ನಿ" ಅಂದರು. ಪಿಸ್ಟನ್ ಮೇಲೆ ಕೆಳಗೆ ಆಡುವುದನ್ನು ತಿರುಗುವ ಚಲನೆಯಾಗಿ ಮಾಡುವ ಅಚ್ಚು ಕ್ರ್ಯಾಂಕ್; ಪಿಸ್ಟನ್ನಿಗೂ ಅದಕ್ಕೂ ನಡುವಿನ ಕೋಲು ಕನೆಕ್ಟಿಂಗ್ ರಾಡು. ಸೈಲೆನ್ಸರುಗಳೂ ಕೆಳಗಡೆ ತುಕ್ಕು ಹಿಡಿದು ತೂತಾಗಿದ್ದವು. ಅಲ್ಲಿ ಎರಡು ವರ್ಷಕ್ಕೊಮ್ಮೆ ಬೈಕಿನ ತಪಾಸಣೆ ಆಗಲೇಬೇಕು. ಸೈಲೆನ್ಸರ್ ತೂತಾಗಿದ್ದರೆ ಪಾಸಾಗುವುದಿಲ್ಲ.

ಸಾಮಾನು ಸಿಗುವುದು ನಮ್ಮಲ್ಲಿ. ಫ್ಯಾಕ್ಟರಿ 1996ರಲ್ಲಿ ಮುಚ್ಚಿತು ನಿಜ. ಆದರೆ ಮೈಸೂರಿನಲ್ಲಿ ಆ ಎಂಜಿನ್ ಬಿಚ್ಚಿ ಜೋಡಿಸಬಲ್ಲ ಕೈಗಳು ಇನ್ನೂ ಇವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಪಿಸ್ಟನ್, ಗ್ಯಾಸ್ಕೆಟ್, ಕೇಬಲ್ ಸಿಗುತ್ತವೆ. 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಬಂದ ಹೊಸ ಬೈಕುಗಳು ಫೋರ್ ಸ್ಟ್ರೋಕ್, ಎಂಜಿನ್ನೇ ಬೇರೆ. ಅದರದ್ದು ಇದಕ್ಕೆ ಬರುವುದಿಲ್ಲ. ಜಾವಾದ ತವರು ಜೆಕ್ ದೇಶ ಅಳಿಯನಿಗೆ ಪಕ್ಕದಲ್ಲೇ ಇದೆ. ಅಲ್ಲಿ ಹಳೆಯ ಜಾವಾಗಳ ಸಾಮಾನು ಬೇಕಾದಷ್ಟು ಸಿಗುತ್ತದೆ. ಆದರೆ ರೋಡ್‌ಕಿಂಗ್‌ನ ಕ್ರ್ಯಾಂಕ್ ಅಲ್ಲಿಂದ ತರಿಸಿ ಸರಿಹೋಗದಿದ್ದರೆ ಏನು ಮಾಡುವುದು ಅಂತ ಮೇಸ್ತ್ರಿ ಕೇಳಿದರು. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಇಲ್ಲಿಂದಲೇ ಕಳಿಸುವುದು ಅಂತ ತೀರ್ಮಾನವಾಯಿತು.

ಅವನು ಕಳಿಸಿದ ಪಟ್ಟಿಯಲ್ಲಿ ಹದಿಮೂರು ಸಾಮಾನಿದ್ದವು. ನಾನು ಒಂದನ್ನೂ ಕೇಳದೆ ಎಲ್ಲವನ್ನೂ ಕೊಳ್ಳಲು ಹೊರಟೆ. ಮೊದಲ ತಪ್ಪು ಅಲ್ಲೇ ಆಯಿತು. ಅದು ಗೊತ್ತಾಗಲು ತಿಂಗಳುಗಟ್ಟಲೆ ಬೇಕಾಯಿತು.

ಮೊದಲ ಡಬ್ಬ

ಮೇಸ್ತ್ರಿ ಕ್ರ್ಯಾಂಕ್ ರಿಪೇರಿ ಮಾಡಲು ಒಂದು ತಿಂಗಳು ಕೇಳಿದ್ದರು. ಅಲ್ಲಿಯವರೆಗೆ ಸಣ್ಣ ಸಾಮಾನಾದರೂ ಹೋಗಲಿ ಅಂತ ಪಿಸ್ಟನ್ ಮತ್ತು ರಿಂಗು, ಗ್ಯಾಸ್ಕೆಟ್ ಸೆಟ್, ಆಯಿಲ್ ಸೀಲು, ಬೇರಿಂಗು, ಕೇಬಲ್‌ಗಳು, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಒಂದು ಹಳೆಯ ಕಾರ್ಬೊರೇಟರ್, ಎಲ್ಲ ಸೇರಿಸಿ 9,400 ರೂಪಾಯಿಗೆ ತೆಗೆದುಕೊಂಡೆ. ಕಾರ್ಬೊರೇಟರ್ ಮೇಸ್ತ್ರಿಯದು. ಉಳಿದದ್ದು ಅಂಗಡಿಯದು. ಅಂಗಡಿಯವರೇ ಒಬ್ಬ ಕೊರಿಯರ್ ಏಜೆಂಟರನ್ನು ತೋರಿಸಿದರು. ಏಜೆಂಟರ ಹುಡುಗ ಫಾರಂ ತುಂಬುತ್ತಾ ಏನು ಸಾಮಾನು ಅಂತಲೂ ಕೇಳಲಿಲ್ಲ. ಡಬ್ಬದ ಮೇಲೆ ಇದ್ದದ್ದು ಮೂರೇ ಮಾತು: ಸ್ಪೇರ್ ಪಾರ್ಟ್ಸ್, ಗಿಫ್ಟ್, ಬೆಲೆ 500 ರೂಪಾಯಿ.

"ಬಿಲ್ ಇದೆಯಲ್ಲ, ಒಂಬತ್ತು ಸಾವಿರ ಚಿಲ್ಲರೆ ಇದೆ" ಅಂದೆ.

"ಎಲ್ಲರೂ ಹೀಗೇ ಹಾಕೋದು ಸರ್. ಟ್ಯಾಕ್ಸ್ ಬೀಳಲ್ಲ. ಏನೂ ಆಗಲ್ಲ" ಅಂದ.

ನಾನು ಸುಮ್ಮನಾದೆ. ಬೇಡ, ನಿಜವಾದ ಬೆಲೆ ಹಾಕು ಅಂತ ಆಗಲೇ ಹೇಳಬೇಕಿತ್ತು. ಸಾಗಣೆಗೆ 3,900 ರೂಪಾಯಿ ಕೊಟ್ಟು ಬಂದೆ.

ಒಂಬತ್ತು ದಿನಕ್ಕೆ ಡಬ್ಬ ಬೆಂಗಳೂರಿನಿಂದಲೇ ವಾಪಸ್ ಬಂತು. ಒಳಗಿಂದ ಪೆಟ್ರೋಲ್ ವಾಸನೆ ಬರುತ್ತಿದೆಯಂತೆ. ಪೆಟ್ರೋಲ್ ಇದ್ದ ಭಾಗವನ್ನು ಪೂರ್ತಿ ಖಾಲಿ ಮಾಡಿ, ಆವಿಯೂ ಉಳಿಯದ ಹಾಗೆ ಸ್ವಚ್ಛ ಮಾಡದೆ ವಿಮಾನಕ್ಕೆ ಹತ್ತಿಸುವುದಿಲ್ಲ. ಈ ನಿಯಮ ಸರಿಯಾದದ್ದೇ. ನಾನು ಕಾರ್ಬೊರೇಟರ್ ತೆಗೆದು ಮೂಗಿನ ಹತ್ತಿರ ಹಿಡಿದೆ, ಹೊಸದಾಗಿ ಪೆಟ್ರೋಲ್ ಹಾಕಿದ ಹಾಗೆ ಘಮ್ ಅಂದಿತು. ಮೇಸ್ತ್ರಿಯನ್ನು ಕೇಳಿದೆ. "ಕ್ಲೀನ್ ಮಾಡೇ ಕೊಟ್ಟಿದ್ದೀನಲ್ಲ ಸ್ವಾಮಿ, ಪೆಟ್ರೋಲ್‌ನಲ್ಲೇ ತೊಳೆದಿದ್ದೀನಿ" ಅಂದರು. ಗ್ಯಾರೇಜಿನಲ್ಲಿ ಕ್ಲೀನ್ ಅಂದರೆ ಅದೇ ಅರ್ಥ. ಅವರನ್ನು ದೂರುವಂತಿಲ್ಲ. ವಿಮಾನದಲ್ಲಿ ಹೋಗುತ್ತದೆ ಅಂತ ನಾನು ಅವರಿಗೆ ಹೇಳಿಯೇ ಇರಲಿಲ್ಲ.

ಕಾರ್ಬೊರೇಟರ್ ಪೂರ್ತಿ ಬಿಚ್ಚಿಸಿದೆ. ಕೆಳಗಿನ ಬಟ್ಟಲು, ಫ್ಲೋಟು, ಜೆಟ್ಟು ಎಲ್ಲ ಬೇರೆ ಬೇರೆ ಮಾಡಿ ಬಿಸಿನೀರು, ಪಾತ್ರೆ ಸೋಪು ಹಾಕಿ ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದೆ. ಎರಡು ದಿನ ತಾರಸಿಯ ಮೇಲೆ ಬಿಸಿಲಿಗೆ ಇಟ್ಟೆ. ಮೂರನೆಯ ದಿನ ಒಂದು ಪ್ಲಾಸ್ಟಿಕ್ ಕವರಿನಲ್ಲಿ ರಾತ್ರಿಯಿಡೀ ಕಟ್ಟಿಟ್ಟು, ಬೆಳಿಗ್ಗೆ ಬಿಚ್ಚಿ ಮೂಸಿ ನೋಡಿದೆ. ವಾಸನೆ ಇರಲಿಲ್ಲ. ಕವರಿನಲ್ಲಿ ಕಟ್ಟಿ ನೋಡುವ ಈ ಉಪಾಯವನ್ನು ಎಲ್ಲರಿಗೂ ಹೇಳುತ್ತೇನೆ. ತೆರೆದ ಜಾಗದಲ್ಲಿ ಮೂಸಿದರೆ ನಮ್ಮ ಮೂಗು ಮೋಸ ಮಾಡುತ್ತದೆ.

ಡಬ್ಬ ಮತ್ತೆ ಹೊರಟಿತು. ಮೇಲಿನ ಚೀಟಿ ಮಾತ್ರ ಅದೇ ಹಳೆಯದು. ಕ್ರಿಸ್‌ಮಸ್ ಮುಂಚೆ ಜರ್ಮನಿ ತಲುಪಿ ಅಲ್ಲಿ ನಿಂತಿತು. ಕೊರಿಯರ್‌ನವರಿಂದ ಅಳಿಯನಿಗೆ ಪತ್ರ ಬಂತು: ಒಳಗೆ ಏನೇನಿದೆ, ಒಂದೊಂದಕ್ಕೆ ಎಷ್ಟು ಬೆಲೆ, ಹಣ ಕೊಟ್ಟ ದಾಖಲೆ ಎಲ್ಲಿ?

ಆಗ ನಾವು ಕೂತು ಓದಿದೆವು. ಯುರೋಪಿಯನ್ ಒಕ್ಕೂಟಕ್ಕೆ ವಿಮಾನದಲ್ಲಿ ಹೋಗುವ ಎಲ್ಲ ಸಾಮಾನಿನ ವಿವರವೂ ಮೊದಲೇ ಕಂಪ್ಯೂಟರಿನಲ್ಲಿ ಹೋಗಬೇಕು ಅನ್ನುವ ನಿಯಮ 2023ರ ಮಾರ್ಚ್ 1ರಿಂದ ಬಿಗಿಯಾಗಿದೆ. ಅದರಲ್ಲಿ ಯಾವ ಬಗೆಯ ಸಾಮಾನು ಅಂತ ಗುರುತಿಸುವ ಆರು ಅಂಕಿಯ ಸುಂಕದ ಸಂಖ್ಯೆ ಇರಬೇಕು. ಸಾಮಾನು ಏನು ಅಂತ ತಿಳಿಯುವ ಹಾಗೆ ಬರೆದಿರಬೇಕು. 'ಪಾರ್ಟ್ಸ್', 'ಗಿಫ್ಟ್' ಅಂತ ಬರೀ ಒಂದು ಪದ ಹಾಕಿದರೆ ಅದನ್ನು ವಿವರ ಅಂತ ಒಪ್ಪುವುದಿಲ್ಲ. ಇನ್ನು ಉಡುಗೊರೆಗೆ ತೆರಿಗೆ ಇಲ್ಲ ಅನ್ನುವುದು 45 ಯೂರೋ ಒಳಗಿನದಕ್ಕೆ, ಅದೂ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ದುಡ್ಡು ತೆಗೆದುಕೊಳ್ಳದೆ ಕಳಿಸಿದರೆ. ಇಲ್ಲಿ ಅಳಿಯನೇ ನನಗೆ ಹಣ ಹಾಕಿದ್ದ.

ಫೋನಿನಲ್ಲಿ ಅವನು, "ಮಾವ, ಐನೂರು ರೂಪಾಯಿಗೆ ಇನ್ನೊಂದು ಬಿಲ್ ಮಾಡಿಸಿ ಕಳಿಸ್ತೀರಾ ಅಂತ ಏಜೆಂಟ್ ಕೇಳ್ತಿದ್ದಾರೆ. ಏನು ಮಾಡೋಣ?" ಅಂದ. ಇಡೀ ಪ್ರಕರಣದಲ್ಲಿ ಅತಿ ಮುಖ್ಯ ಘಳಿಗೆ ಇದು. ನಾನು ಬೇಡ ಅಂದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಬಿಲ್ಲು ಜೋಡಿಸಿದರೆ ಅಲ್ಲಿ ಸಿಕ್ಕಿಬೀಳುವವನು ಅವನು, ಏಜೆಂಟ್ ಅಲ್ಲ. ಅವನ ವೀಸಾ, ಅವನ ಕೆಲಸ, ಅವನ ಹೆಸರು. ನಿಜವಾದ ಬಿಲ್, ಮೇಸ್ತ್ರಿಗೆ ಕೊಟ್ಟ ಹಣದ ರಸೀದಿ, ಬ್ಯಾಂಕಿನಿಂದ ಹಣ ಬಂದ ದಾಖಲೆ, ಎಲ್ಲ ಕಳಿಸಿದೆವು. ಡಬ್ಬದ ಮೇಲೆ ತಪ್ಪು ಬೆಲೆ ಬಿದ್ದಿದೆ, ಸರಿಯಾದದ್ದು ಇದು ಅಂತ ಅವನು ನೇರವಾಗಿ ಬರೆದ.

ಮೂರು ವಾರ ಆಯಿತು. ಆದರೆ ದಂಡ ಬೀಳಲಿಲ್ಲ. ತೆರಿಗೆ ಎಷ್ಟು ಬಂತು ಗೊತ್ತಾ? ಜರ್ಮನಿಯಲ್ಲಿ ಆಮದಿನ ವ್ಯಾಟ್ ಶೇ 19. ಅದನ್ನು ಸಾಮಾನಿನ ಬೆಲೆಯ ಮೇಲೆ ಮಾತ್ರ ಹಾಕುವುದಿಲ್ಲ, ಸಾಗಣೆ ಖರ್ಚನ್ನೂ ಸೇರಿಸಿ ಹಾಕುತ್ತಾರೆ. 9,400 ಮತ್ತು 3,900 ಸೇರಿ 13,300. ಅದರ ಶೇ 19 ಅಂದರೆ 2,527 ರೂಪಾಯಿ. ಜೊತೆಗೆ ಕೊರಿಯರ್‌ನ ಸೇವಾ ಶುಲ್ಕ. ಸಾಮಾನಿನ ಬೆಲೆ 150 ಯೂರೋ ದಾಟದ ಕಾರಣ ಕಸ್ಟಮ್ಸ್ ಸುಂಕ ಬೀಳಲಿಲ್ಲ. ಎರಡೂವರೆ ಸಾವಿರ ಉಳಿಸಲು ಹೋಗಿ ಮೂರು ವಾರ ಆತಂಕ ಪಟ್ಟಿದ್ದೆವು. ಆ ಡಬ್ಬ ದಾರಿಯಲ್ಲಿ ಕಳೆದಿದ್ದರೆ? ಪರಿಹಾರದ ಲೆಕ್ಕ ನಾವು ಬರೆದ ಬೆಲೆಯ ಮೇಲೇ ನಡೆಯುತ್ತದೆ. ನಾವು ಬರೆದಿದ್ದದ್ದು ಐನೂರು.

ಸೈಲೆನ್ಸರ್‌ನ ಲೆಕ್ಕ

ಜನವರಿಯಲ್ಲಿ ಸೈಲೆನ್ಸರ್ ವಿಚಾರಕ್ಕೆ ಬಂದೆವು. ಜೋಡಿಗೆ 6,500 ರೂಪಾಯಿ. ಎರಡೂ ಸೇರಿ ತೂಕ ಐದೂವರೆ ಕೆಜಿ. ನನ್ನ ತಲೆಯಲ್ಲಿ ಐದೂವರೆ ಕೆಜಿಯ ಸಾಗಣೆ ಖರ್ಚು ಅಂತಲೇ ಇತ್ತು. ಕೊರಿಯರ್‌ನವರು ಟೇಪು ತೆಗೆದು ಡಬ್ಬ ಅಳೆದರು. ಉದ್ದ 110 ಸೆಂಟಿಮೀಟರ್, ಅಗಲ 30, ಎತ್ತರ 20. ಮೂರನ್ನೂ ಗುಣಿಸಿ 5,000ದಿಂದ ಭಾಗಿಸಿದರು. 13.2 ಕೆಜಿ ಬಂತು. ನಿಜವಾದ ತೂಕ, ಈ ಲೆಕ್ಕದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ವಿಮಾನದಲ್ಲಿ ಜಾಗಕ್ಕೂ ಬೆಲೆ ಇದೆ ಅನ್ನುವುದು ಅರ್ಥವಾಗುವ ಮಾತೇ. ಆದರೆ ಹದಿನಾಲ್ಕು ಸಾವಿರದ ಹತ್ತಿರ ಕೇಳಿದಾಗ ಎದೆ ಧಸಕ್ಕೆಂದಿತು. ಸಾಮಾನಿನ ಬೆಲೆಗಿಂತ ಎರಡು ಪಟ್ಟು ಮೇಲೆ, ಆ ಖರ್ಚಿನ ಮೇಲೂ ಮತ್ತೆ ಶೇ 19.

ಒಂದೊಂದನ್ನೇ ಬೇರೆ ಡಬ್ಬದಲ್ಲಿ ಬಿಗಿಯಾಗಿ ಕಟ್ಟಿದರೆ? 110, 15, 15. ಒಂದಕ್ಕೆ 4.95 ಕೆಜಿ, ಎರಡಕ್ಕೆ 9.9. ಕಡಿಮೆಯಾಯಿತು ನಿಜ. ಆದರೂ ದುಬಾರಿಯೇ. ಅಷ್ಟು ಬಿಗಿಯಾಗಿ ಕಟ್ಟಿದರೆ ಕ್ರೋಮ್ ಜಜ್ಜಿಹೋಗುತ್ತದೆ ಅಂತ ಅಂಗಡಿಯವರೂ ಎಚ್ಚರಿಸಿದರು.

ಅವತ್ತು ರಾತ್ರಿ ಅಳಿಯನಿಗೆ ಒಂದು ಪ್ರಶ್ನೆ ಕೇಳಿದೆ. ಇದನ್ನು ಮೊದಲ ದಿನವೇ ಕೇಳಬೇಕಿತ್ತು. "ಇದು ಇಲ್ಲಿಂದಲೇ ಬರಬೇಕಾ?" ಅವನು ತನ್ನ ಊರಿನ ಒಂದು ವರ್ಕ್‌ಶಾಪಿಗೆ ಹಳೆಯ ಸೈಲೆನ್ಸರ್ ಒಯ್ದು ತೋರಿಸಿದ. ಅವರು ತುಕ್ಕು ಹಿಡಿದ ಭಾಗ ಕತ್ತರಿಸಿ, ಹೊಸ ತಗಡು ಬಾಗಿಸಿ ವೆಲ್ಡಿಂಗ್ ಮಾಡಿಕೊಟ್ಟರು. ಕಪ್ಪು ಬಣ್ಣ ಬಳಿದು ಹಾಕಿಕೊಂಡ. ಚೆಂದಕ್ಕೆ ಹೊಸದರಷ್ಟಿಲ್ಲ. ಆದರೆ ತಪಾಸಣೆಯಲ್ಲಿ ಪಾಸಾಯಿತು. ಜೊತೆಗೆ ಭಾವನ ಕಾಲದ ಸೈಲೆನ್ಸರೇ ಗಾಡಿಯಲ್ಲಿ ಉಳಿಯಿತು. ನನಗೆ ಅದೇ ಹೆಚ್ಚು ಇಷ್ಟವಾಯಿತು.

ಆ ಪ್ರಶ್ನೆಯಿಂದ ಪಟ್ಟಿಯೇ ಬದಲಾಯಿತು. ಬೇರಿಂಗಿನ ಮೇಲೆ ನಂಬರ್ ಕೊರೆದಿರುತ್ತದೆ. ಆ ನಂಬರ್ ಜಗತ್ತಿನಲ್ಲೆಲ್ಲ ಒಂದೇ. ಆಯಿಲ್ ಸೀಲ್‌ಗೂ ಒಳ ಅಳತೆ, ಹೊರ ಅಳತೆ, ದಪ್ಪ ಹೇಳಿದರೆ ಸಾಕು. ಕ್ಲಚ್ ಕೇಬಲನ್ನು ಹಳೆಯದು ನೋಡಿ ಅಲ್ಲೇ ಕಟ್ಟಿಕೊಡುತ್ತಾರೆ. ಸ್ಪಾರ್ಕ್ ಪ್ಲಗ್ ಎಲ್ಲ ಕಡೆ ಸಿಗುತ್ತದೆ. ಹದಿಮೂರರಲ್ಲಿ ಮೈಸೂರಿನಿಂದಲೇ ಹೋಗಬೇಕಾದದ್ದು ನಾಲ್ಕೇ: ಕ್ರ್ಯಾಂಕ್, ಪಿಸ್ಟನ್, ಗ್ಯಾಸ್ಕೆಟ್ ಸೆಟ್, ಕಾರ್ಬೊರೇಟರ್. ಮೂರು ಆಗಲೇ ಹೋಗಿದ್ದವು. ಉಳಿದದ್ದು ಕ್ರ್ಯಾಂಕ್ ಒಂದೇ.

ಕ್ರ್ಯಾಂಕ್

ಮೇಸ್ತ್ರಿ ಬೇರೊಂದು ರೋಡ್‌ಕಿಂಗ್‌ನ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಚ್ಚಿ, ಹೊಸ ಪಿನ್ನು, ಹೊಸ ರಾಡು ಹಾಕಿ, ಮತ್ತೆ ಒತ್ತಿ, ಓರೆ ಅಳೆಯುವ ಡಯಲ್ ಇಟ್ಟು ತಿರುಗಿಸಿ ನೇರ ಮಾಡಿದ್ದರು. 8,200 ರೂಪಾಯಿ ತೆಗೆದುಕೊಂಡರು. ಆ ಕೆಲಸಕ್ಕೆ ಅದು ಕಡಿಮೆಯೇ. ಕ್ರ್ಯಾಂಕ್ ಅಂದರೆ ಎರಡು ಭಾರದ ಚಕ್ರ, ನಡುವೆ ಪಿನ್ನು, ಪಿನ್ನಿನಿಂದ ಹೊರಗೆ ತೂಗಾಡುವ ರಾಡು. ಕೈಜಾರಿ ನೆಲಕ್ಕೆ ಬಿದ್ದರೆ ಕೂದಲೆಳೆಯಷ್ಟು ಓರೆಯಾಗುತ್ತದೆ. ಅಷ್ಟು ಸಾಕು, ಎಂಜಿನ್ ನಡುಗಲು.

ಕೊರಿಯರ್ ಮೇಲೆ ಬೇಸರ ಬಂದಿತ್ತು. ಪರಿಚಯದವರ ಮಗ ಓದಲು ಜರ್ಮನಿಗೆ ಹೊರಟಿದ್ದ. ಅವನ ಬ್ಯಾಗಿನಲ್ಲಿ ಇಡೋಣ ಅಂತ ನಾನೇ ಕೇಳಿದೆ. ಪಾಪ, ಒಪ್ಪಿಕೊಂಡ. ರಾತ್ರಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸ್ಕ್ಯಾನಿಂಗ್‌ನಲ್ಲಿ ದಪ್ಪ ಕಬ್ಬಿಣದ ಗುಂಡಗಿನ ವಸ್ತು ಕಂಡಿತು. ಬ್ಯಾಗ್ ಬಿಚ್ಚಿಸಿದರು. ಇದೇನು, ಯಾರದ್ದು ಅಂತ ಕೇಳಿದರು. ಅವನಿಗೆ ಹೆಸರೂ ಸರಿಯಾಗಿ ಗೊತ್ತಿಲ್ಲ. ಮೊದಲ ಸಲ ವಿಮಾನ ಹತ್ತುವ ಹುಡುಗ, ಹೆದರಿಬಿಟ್ಟ. ಕೊನೆಗೆ ಹೊರಗೆ ಕಾಯುತ್ತಿದ್ದ ಅವನ ಅಪ್ಪನ ಕೈಗೆ ಕೊಟ್ಟು ಒಳಗೆ ಹೋದ. ಕ್ರ್ಯಾಂಕ್ ಮೈಸೂರಿಗೆ ವಾಪಸ್ ಬಂತು. ಮರುದಿನ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ. ಬೈಕಿನ ಸಾಮಾನನ್ನು, ಅದೇನು ಅಂತ ತಾನೇ ವಿವರಿಸಲಾರದ ಮನುಷ್ಯನ ಕೈಯಲ್ಲಿ ಕಳಿಸಬಾರದು.

ಮಾರ್ಚ್‌ನಲ್ಲಿ ಸರಿಯಾಗಿ ಕೂತು ಪ್ಯಾಕಿಂಗ್ ಮಾಡಿದೆ. ನಮ್ಮ ಬೀದಿಯ ಆಚಾರ್ರು ಗಟ್ಟಿ ಮರದಲ್ಲಿ ಚೆಂದದ ಪೆಟ್ಟಿಗೆ ಮಾಡಿಕೊಟ್ಟರು. ಅದೂ ನಡೆಯಲಿಲ್ಲ. ಹಸಿ ಮರದಲ್ಲಿ ಹುಳ ಸೇರಿಕೊಂಡು ದೇಶ ದಾಟುತ್ತದೆ ಅಂತ, ಹೊರದೇಶಕ್ಕೆ ಹೋಗುವ ಮರದ ಪೆಟ್ಟಿಗೆಗೆ ಬಿಸಿ ಕೊಟ್ಟು ಅಥವಾ ಔಷಧಿ ಹಾಕಿ ಮುದ್ರೆ ಒತ್ತಿರಬೇಕು. ಪ್ಲೈವುಡ್‌ಗೆ ಈ ನಿಯಮ ಇಲ್ಲ. ಆಚಾರ್ರು ಗೊಣಗಿಕೊಂಡೇ ಪ್ಲೈವುಡ್‌ನಲ್ಲಿ ಇನ್ನೊಂದು ಮಾಡಿದರು.

ಒಳಗಿನ ಕೆಲಸ ಹೀಗೆ ಮಾಡಿದೆ. ಕ್ರ್ಯಾಂಕ್‌ಗೆ ತೆಳ್ಳಗೆ ಗ್ರೀಸ್ ಸವರಿ, ಎಣ್ಣೆ ಹೊರಗೆ ಬಾರದ ಹಾಗೆ ಎರಡು ಪದರ ಪ್ಲಾಸ್ಟಿಕ್ ಸುತ್ತಿದೆ. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿ ಕತ್ತರಿಸಿ ರಾಡನ್ನು ಎರಡೂ ಚಕ್ರಗಳ ನಡುವೆ ಅಲ್ಲಾಡದ ಹಾಗೆ ಕಟ್ಟಿದೆ. ಸಾಗಣೆಯಲ್ಲಿ ಡಬ್ಬ ಹರಿಯುವುದು ಈ ರಾಡು ತೂಗಾಡಿ ಹೊಡೆಯುವುದರಿಂದಲೇ. ಎರಡು ತುದಿಯ ಶಾಫ್ಟಿಗೂ ಪ್ಲೈವುಡ್ ತುಂಡಿನಲ್ಲಿ ತೂತು ಕೊರೆದು ಕೂರಿಸಿದೆ. ಈಗ ಭಾರ ಶಾಫ್ಟಿನ ಮೇಲೆ ನಿಂತಿತು, ಚಕ್ರದ ಅಂಚು ಎಲ್ಲೂ ತಾಗುತ್ತಿರಲಿಲ್ಲ. ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿದೆ. ಒಳಗೆ ಸದ್ದೇ ಇಲ್ಲ. 25, 25, 20 ಸೆಂಟಿಮೀಟರ್, ತೂಕ 7 ಕೆಜಿ ಹತ್ತಿರ. ಸೈಲೆನ್ಸರ್‌ಗೆ ಉಲ್ಟಾ ಇದು. ಜಾಗದ ಲೆಕ್ಕದಲ್ಲಿ 2.5 ಕೆಜಿ, ತಕ್ಕಡಿಯಲ್ಲಿ ಏಳು. ಹಾಗಾಗಿ ತಕ್ಕಡಿಯದೇ ದುಡ್ಡು. ಅಂಚೆಯಲ್ಲೇ ಕಳಿಸಿದೆ, ಐದು ಸಾವಿರದ ಮೇಲಾಯಿತು.

ಈ ಸಲ ಕಾಗದ ನಾನೇ ಬರೆದೆ. 'ಮೋಟಾರ್‌ಸೈಕಲ್ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್, ಉಕ್ಕಿನದು, ಹಳೆಯದು, ರಿಪೇರಿ ಮಾಡಿದ್ದು, ಒಂದು, 8,200 ರೂಪಾಯಿ, 8483.10.' ಕೊನೆಯಲ್ಲಿರುವ ಈ ಸುಂಕದ ಸಂಖ್ಯೆಯ ವಿಷಯ ಸ್ವಲ್ಪ ಹೇಳಬೇಕು. ಬೈಕಿನ ಸಾಮಾನೆಲ್ಲ 8714.10 ಅಂತ ಬಹಳ ಜನ ತಿಳಿದಿದ್ದಾರೆ. ಹ್ಯಾಂಡಲ್, ಫೋರ್ಕ್‌ಗಳಿಗೆ ಅದು ಸರಿ. ಆದರೆ ಕ್ರ್ಯಾಂಕ್‌ಶಾಫ್ಟ್ 8483ರಲ್ಲಿ ಬರುತ್ತದೆ, ಪಿಸ್ಟನ್ 8409ರಲ್ಲಿ, ಬೇರಿಂಗ್ 8482ರಲ್ಲಿ. ತಪ್ಪಿದರೆ ಮತ್ತೆ ಪ್ರಶ್ನೆ, ಮತ್ತೆ ಪತ್ರ. ಬಿಲ್ಲಿನ ಮೂರು ಪ್ರತಿಯನ್ನು ಪಾರದರ್ಶಕ ಕವರಿನಲ್ಲಿ ಹಾಕಿ ಪೆಟ್ಟಿಗೆಯ ಹೊರಗೆ ಅಂಟಿಸಿದೆ.

ಇನ್ನೇನು ತಲುಪಿತು ಅಂದುಕೊಂಡೆವು. ಜರ್ಮನಿ ತಲುಪಿತು, ಕಸ್ಟಮ್ಸ್ ದಾಟಿತು, ಅವನ ಊರಿಗೂ ಬಂತು. ಆಮೇಲೆ ಟ್ರ್ಯಾಕಿಂಗ್‌ನಲ್ಲಿ ಒಂದು ಸಾಲು ಕಂಡಿತು: ಈ ವಿಳಾಸದಲ್ಲಿ ಆ ಹೆಸರಿನವರಿಲ್ಲ, ಕಳಿಸಿದವರಿಗೆ ವಾಪಸ್.

ಅಳಿಯ ಅವತ್ತು ಮನೆಯಲ್ಲೇ ಇದ್ದ!

ಕಾರಣ ಹುಡುಕಲು ಎರಡು ದಿನ ಬೇಕಾಯಿತು. ಜರ್ಮನಿಯ ಅಪಾರ್ಟ್‌ಮೆಂಟ್‌ಗಳಲ್ಲಿ ವಿಳಾಸಕ್ಕೆ ಮನೆ ನಂಬರ್ ಹಾಕುವ ರೂಢಿ ಸಾಮಾನ್ಯವಾಗಿ ಇಲ್ಲ. ಬೀದಿ, ಕಟ್ಟಡದ ಸಂಖ್ಯೆ, ಪಿನ್‌ಕೋಡ್, ಅಷ್ಟೇ. ಅಂಚೆಯವರು ಕೆಳಗೆ ಬಾಗಿಲ ಬಳಿ ಸಾಲಾಗಿರುವ ಕರೆಗಂಟೆಗಳ ಮೇಲಿನ ಹೆಸರು ನೋಡಿ ಕೊಡುತ್ತಾರೆ. ಆ ಹೆಸರು ಮನೆತನದ ಹೆಸರು. ನಮ್ಮ ಕಡೆ ಮನೆತನದ ಹೆಸರು ಎಲ್ಲರಿಗೂ ಎಲ್ಲಿದೆ? ಇವನಿಗೂ ಇರಲಿಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಅಪ್ಪನ ಹೆಸರನ್ನೇ ಆ ಜಾಗದಲ್ಲಿ ತುಂಬಿದ್ದರು. ಅಲ್ಲಿಗೆ ಹೋದ ಮೇಲೆ ಬ್ಯಾಂಕು, ಬಾಡಿಗೆ ಕರಾರು, ಕರೆಗಂಟೆ, ಎಲ್ಲದರಲ್ಲೂ ಅಪ್ಪನ ಹೆಸರೇ ನಿಂತಿದೆ. ನಾನು ಪೆಟ್ಟಿಗೆಯ ಮೇಲೆ ಬರೆದದ್ದು ಹುಟ್ಟಿದಾಗಿನಿಂದ ನಾವು ಬರೆಯುವ ಹಾಗೆ: ಎರಡು ಇನಿಶಿಯಲ್, ಮುಂದೆ ಅವನ ಹೆಸರು. ಆ ಇನಿಶಿಯಲ್‌ಗಳಲ್ಲಿ ಒಂದು ಭಾವನದೇ. ಅದು ಅಲ್ಲಿನ ಅಂಚೆಯವರಿಗೆ ಹೇಗೆ ತಿಳಿಯಬೇಕು? ಮೊದಲ ಡಬ್ಬ ತಲುಪಿದ್ದು ಕೊರಿಯರ್‌ನವರು ಬಾಗಿಲಲ್ಲಿ ನಿಂತು ಅವನಿಗೆ ಫೋನ್ ಮಾಡಿದ್ದರಿಂದ.

ಪೆಟ್ಟಿಗೆ ವಾಪಸ್ ಬರಲು ಐದು ವಾರ ಆಯಿತು. ಅಕ್ಕ ಪ್ರತಿ ದಿನ ಕೇಳುತ್ತಿದ್ದಳು, ಬಂತಾ ಅಂತ. ಮೇ ಮೊದಲ ವಾರ ಬಂದಾಗ ಮೇಸ್ತ್ರಿಯ ಮುಂದೆಯೇ ಬಿಚ್ಚಿದೆ. ಅವರು ಡಯಲ್ ಇಟ್ಟು ತಿರುಗಿಸಿ, "ಏನೂ ಆಗಿಲ್ಲ ಸ್ವಾಮಿ, ಹೋಗಿದ್ದ ಹಾಗೇ ಬಂದಿದೆ" ಅಂದರು. ಸಾವಿರಾರು ಕಿಲೋಮೀಟರ್ ಹೋಗಿ ಬಂದಿತ್ತು ಅದು. ಆ ಸೈಕಲ್ ಟ್ಯೂಬನ್ನೇ ಮತ್ತೆ ಕಟ್ಟಿದೆ. ವಿಳಾಸದ ಚೀಟಿ ಮಾತ್ರ ಹೊಸದು. ಅಳಿಯನಿಗೆ ಕರೆಗಂಟೆಯ ಫೋಟೋ ತೆಗೆದು ಕಳಿಸು ಅಂದಿದ್ದೆ. ಅದರಲ್ಲಿ ಹೇಗಿತ್ತೋ ಹಾಗೇ, ಅಕ್ಷರಕ್ಕೆ ಅಕ್ಷರ, ಭಾವನ ಹೆಸರು ಬರೆದೆ. ಬರೆಯುವಾಗ ಕೈ ಒಂದು ಕ್ಷಣ ನಿಂತಿತು. ಅವರ ಗಾಡಿಯ ಸಾಮಾನು ಅವರ ಹೆಸರಿಗೇ ಹೋಗುತ್ತಿತ್ತು.

ಹನ್ನೆರಡನೆಯ ದಿನ ತಲುಪಿತು. ತೆರಿಗೆಯನ್ನು ಅಂಚೆಯವರು ಬಾಗಿಲಲ್ಲೇ ಕಟ್ಟಿಸಿಕೊಂಡರು.

ಕಲಿತದ್ದು, ಈಗ ಮಾಡುತ್ತಿರುವುದು

ಏಳು ತಿಂಗಳಲ್ಲಿ ಎಷ್ಟೋ ಕಡೆ ಕೋಪ ಬಂತು. ಈಗ ಹಿಂತಿರುಗಿ ನೋಡಿದರೆ ನಮ್ಮನ್ನು ತಡೆದ ನಿಯಮಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇತ್ತು. ನಮಗೆ ಅವು ಗೊತ್ತಿರಲಿಲ್ಲ, ಗೊತ್ತಿರುವ ಏಜೆಂಟ್ ಹೇಳಲಿಲ್ಲ. ನನ್ನ ನಿಜವಾದ ಸಿಟ್ಟು ಇರುವುದು ಅಲ್ಲಿ. ದಿನಕ್ಕೆ ಹತ್ತಾರು ಡಬ್ಬ ಕಳಿಸುವವರು 'ಏನೂ ಆಗಲ್ಲ' ಅನ್ನುವುದನ್ನು ಬಿಟ್ಟು, ಎರಡು ನಿಮಿಷ ಕೂತು ಕೇಳಿದ್ದರೆ ಮೊದಲ ಡಬ್ಬದ ಗೋಳು ಇರುತ್ತಲೇ ಇರಲಿಲ್ಲ.

ಎಲ್ಲ ಕಷ್ಟಕ್ಕೂ ಒಂದೇ ಬೇರು ಅಂತ ನನಗೆ ಅನಿಸಿದೆ. ನಾವು 'ಸ್ಪೇರ್ ಪಾರ್ಟ್ಸ್' ಅಂತ ಒಂದೇ ಗಂಟು ಕಟ್ಟಿದೆವು. ಪೆಟ್ರೋಲ್ ಕುಡಿದ ಕಾರ್ಬೊರೇಟರ್, ಉದ್ದದ ಸೈಲೆನ್ಸರ್, ಭಾರದ ಕ್ರ್ಯಾಂಕ್, ಎಲ್ಲಿ ಬೇಕಾದರೂ ಸಿಗುವ ಬೇರಿಂಗ್, ನಾಲ್ಕರ ದಾರಿಯೂ ಬೇರೆ. ಒಂದೊಂದನ್ನು ಕೈಗೆತ್ತಿಕೊಂಡು, ಇದು ಅಲ್ಲೇ ಸಿಗುತ್ತದಾ, ಇದಕ್ಕೆ ದುಡ್ಡು ತೂಕಕ್ಕಾ ಜಾಗಕ್ಕಾ, ಇದನ್ನು ಕಾಗದದಲ್ಲಿ ಏನಂತ ಬರೆಯಬೇಕು ಅಂತ ಕೇಳಿದ ದಿನದಿಂದ ಕೆಲಸ ಮುಂದೆ ಸಾಗಿತು.

ಸುಂಕದ ಭಯವನ್ನೂ ಅಳೆದು ನೋಡಬೇಕು. ನಾವು ಕಳಿಸಿದಾಗ, 150 ಯೂರೋ ದಾಟಿದರೆ 8714.10ರಲ್ಲಿ ಬರುವ ಬೈಕಿನ ಭಾಗಗಳಿಗೆ ಅಲ್ಲಿನ ಸುಂಕ ಶೇ 3.7 ಇತ್ತು. ಇಪ್ಪತ್ತು ಸಾವಿರದ ಸಾಮಾನಿಗೆ 740 ರೂಪಾಯಿ, ಸಾಗಣೆಯ ಪಾಲು ಸೇರಿದರೆ ಇನ್ನೂ ಸ್ವಲ್ಪ. ಅದಕ್ಕೆ ಹೆದರಿ ಸುಳ್ಳು ಬೆಲೆ ಬರೆಯುವುದರಲ್ಲಿ ಅರ್ಥವೇ ಇಲ್ಲ. ಭಾರ ಬೀಳುವುದು ಶೇ 19ರ ವ್ಯಾಟ್‌ನಿಂದ, ಅದು ಹೇಗೂ ತಪ್ಪುವುದಿಲ್ಲ. ಹಾಗಾಗಿ ಸಾಮಾನಿನ ಬೆಲೆ, ಸಾಗಣೆ, ಎರಡರ ಮೊತ್ತಕ್ಕೆ ಐದನೆಯ ಒಂದು ಭಾಗ ಸೇರಿಸಿ, ಅಷ್ಟಕ್ಕೆ ಈ ಸಾಮಾನು ಬೇಕಾ ಅಂತ ಮೊದಲೇ ಯೋಚಿಸುವುದು ಒಳ್ಳೆಯದು. ನಾನು ಕಳಿಸಿದ್ದು ಮನೆಯವನಿಗೆ. ಇದನ್ನೇ ವ್ಯಾಪಾರವಾಗಿ ಮಾಡುವವರು ಆಮದು ರಫ್ತು ಸಂಖ್ಯೆ ಮಾಡಿಸಿಕೊಳ್ಳಬೇಕು. ಆನ್‌ಲೈನ್‌ನಲ್ಲೇ ಆಗುತ್ತದೆ, ಶುಲ್ಕ 500 ರೂಪಾಯಿ.

ಜೂನ್‌ನಲ್ಲಿ ಅಳಿಯ ಎಂಜಿನ್ ಜೋಡಿಸಿ ವಿಡಿಯೋ ಕರೆ ಮಾಡಿದ. ಇಲ್ಲಿ ನಾನು, ಅಕ್ಕ, ಮೇಸ್ತ್ರಿ. ಲಿವರ್ ಹಿಂದಕ್ಕೆ ತಿರುಗಿಸಿ ಮೂರನೆಯ ಕಿಕ್‌ಗೆ ಸ್ಟಾರ್ಟ್ ಆಯಿತು. ಮೇಸ್ತ್ರಿ ಮತ್ತೆ ಮೊಬೈಲನ್ನು ಕಿವಿಗೆ ಹಿಡಿದರು. ಬಹಳ ಹೊತ್ತು ಕೇಳಿ, "ಐನೂರು ಕಿಲೋಮೀಟರ್ ನಿಧಾನಕ್ಕೆ ಓಡಿಸು ಮಗ" ಅಂದರು.

ಮೊನ್ನೆ ಫೋನ್ ಮಾಡಿ, "ಮಾವ, ಬ್ರೇಕ್ ಶೂ ಸವೆದಿದೆ, ಜೆ.ಸಿ. ರಸ್ತೆಗೆ ಯಾವಾಗ ಹೋಗ್ತೀರಿ?" ಅಂದ. ಹಳೆಯ ಶೂಗೆ ಹೊಸ ಲೈನಿಂಗ್ ಅಂಟಿಸುವವರು ಅಲ್ಲೇ ಇದ್ದಾರಾ ಮೊದಲು ವಿಚಾರಿಸು ಅಂದೆ. ಸಂಜೆಗೆ ಮೆಸೇಜ್ ಬಂತು. ಅವನ ಊರಿನಿಂದ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಒಬ್ಬರಿದ್ದಾರಂತೆ.